ಹೋಸಿಯಾ ಹೆಸರಿನ ಡಬ್ಬಿ

ಮಾರ್ಚ್ ತಿಂಗಳ ಎರಡನೇ ಭಾನುವಾರ ಚರ್ಚಿನಿಂದ ಬಂದ ವರ್ಲೀನ್ ಪೆಟ್ವೇ ಕೈಚೀಲದಿಂದ ಎರಡು ಬಿಳಿ ಡಬ್ಬಿ ತೆಗೆದು ಊಟದ ಮೇಜಿನ ಮೇಲಿಟ್ಟಳು. ಒಂದರ ಮೇಲೆ ಅವಳ ಹೆಸರಿತ್ತು, ಇನ್ನೊಂದರ ಮೇಲೆ ಗಂಡನದು: ಹೋಸಿಯಾ ಪೆಟ್ವೇ, ಹುಟ್ಟಿದ ತಾರೀಖು ಸಮೇತ.

ಹೋಸಿಯಾ ಆಗ ಕೋಳಿಯ ತೊಡೆ ಮುರಿಯುತ್ತಿದ್ದ. ಕೈ ಒರೆಸಿಕೊಂಡು, ಹಣೆಯ ಮೇಲಿದ್ದ ಕನ್ನಡಕವನ್ನು ಕೆಳಗಿಳಿಸಿ ಓದಿದ.

"ನನ್ನ ಹುಟ್ಟಿದ ತಾರೀಖು ಇವ್ರಿಗೆ ಯಾರು ಕೊಟ್ರು?"

"ನಾನು."

"ಯಾಕೆ?"

"ಕೇಳಿದ್ರು, ಕೊಟ್ಟೆ. ನಲವತ್ತೈದು ದಾಟಿದೋರೆಲ್ಲ ಮಾಡಿಸ್ಬೇಕಂತೆ, ಕರುಳಿನ ಕ್ಯಾನ್ಸರ್ ಪರೀಕ್ಷೆ. ಮನೇಲೇ ಮಾಡೋದು. ಕಡ್ಡೀಲಿ ಒಂಚೂರು ತಗೊಂಡು ಈ ಸೀಸೇಲಿ ಹಾಕಿ ಪೋಸ್ಟ್ ಮಾಡಿದ್ರೆ ಆಯ್ತು."

"ಏನನ್ನ ಒಂಚೂರು?"

ವರ್ಲೀನ್ ಧ್ವನಿ ತಗ್ಗಿಸಿ ಹೇಳಿದಳು. ಮೇಜಿನ ಆ ತುದಿಯಲ್ಲಿ ಕೂತಿದ್ದ ಹೋಸಿಯಾನ ತಾಯಿ ಆರ್ಜೆಲಾ ಎಂಬತ್ತನಾಲ್ಕರ ಮುದುಕಿ, ಆದರೆ ಕಿವಿ ಚುರುಕು. ಅವಳು ಚಮಚ ಕೆಳಗಿಟ್ಟು ನಕ್ಕಳು. "ಚರ್ಚಿನೋರು ಮೊದ್ಲು ಆತ್ಮ ಕೇಳ್ತಿದ್ರು. ಈಗ ಇದನ್ನ ಕೇಳ್ತಾರೆ," ಅಂದಳು.

ಕೆಂಡ್ರಾಗೆ ನಗು ಬರಲಿಲ್ಲ. ಹೋಸಿಯಾನ ಮಗಳು ಅವಳು. ವಯಸ್ಸು ಮೂವತ್ತಾರು. ದಿನಸಿ ಅಂಗಡಿಯ ಗಲ್ಲಾದಲ್ಲಿ ಹತ್ತು ವರ್ಷ ನಿಂತು ಸಾಕಾಗಿದ್ದವಳಿಗೆ ಕಳೆದ ಚಳಿಗಾಲದಲ್ಲಿ ಈ ಡಬ್ಬಿ ಹಂಚುವ ಕೆಲಸ ಸಿಕ್ಕಿತ್ತು. ಬರ್ಮಿಂಗ್‌ಹ್ಯಾಮಿನ ಈ ಎನ್ಸ್ಲಿ ಬಡಾವಣೆಯಲ್ಲಿ ಕರಿಯರು ಕಾಯಿಲೆ ಬಲಿತ ಮೇಲಷ್ಟೇ ಆಸ್ಪತ್ರೆಗೆ ಹೋಗುತ್ತಾರೆ, ಹೋದವರು ಮರಳುವುದು ಕಡಿಮೆ ಅನ್ನುವುದು ಚರ್ಚಿನ ಹೆಂಗಸರಿಗೆ ಶವಸಂಸ್ಕಾರದ ಅಡುಗೆ ಮಾಡಿ ಮಾಡಿಯೇ ಗೊತ್ತಾಗಿತ್ತು. ನಿವೃತ್ತ ನರ್ಸ್ ಸಿಸ್ಟರ್ ಒರೀಥಾ ಮುಂದೆ ನಿಂತು ಒಂದು ಆರೋಗ್ಯ ಬಳಗ ಕಟ್ಟಿದರು. ಊರಿನ ದೊಡ್ಡ ಆಸ್ಪತ್ರೆಯೊಂದು ಡಬ್ಬಿಗಳನ್ನೂ ಒಬ್ಬರ ಸಂಬಳವನ್ನೂ ಕೊಡಲು ಒಪ್ಪಿತು. ಆ ಒಬ್ಬರು ಕೆಂಡ್ರಾ. ಮನೆ ಮನೆಗೆ, ಕ್ಷೌರದ ಅಂಗಡಿಗೆ, ಬಟ್ಟೆ ಒಗೆಯುವ ಅಂಗಡಿಗೆ ಹೋಗಿ ಡಬ್ಬಿ ಕೊಟ್ಟು, ವಾಪಸು ಕಳಿಸಿದರೋ ಇಲ್ಲವೋ ಎಂದು ಬೆನ್ನು ಹತ್ತುವುದು ಅವಳ ಕೆಲಸ.

"ಕಳಿಸಿದೋರಿಗೆ ದಿನಸಿ ಅಂಗಡಿಯ ಇಪ್ಪತ್ತು ಡಾಲರಿನ ಕಾರ್ಡೂ ಬರತ್ತಪ್ಪ," ಅಂದಳು ಅವಳು.

ಅದನ್ನು ಹೇಳಬಾರದಿತ್ತು. ಹೋಸಿಯಾ ಡಬ್ಬಿಯನ್ನು ದೂರ ತಳ್ಳಿದ. "ಅರವತ್ತನಾಲ್ಕು ವರ್ಷ ಅದನ್ನ ಪುಕ್ಕಟೆ ಬಿಟ್ಟಿದೀನಿ, ಒಬ್ಬನೂ ಬಂದು ಬೇಕು ಅನ್ಲಿಲ್ಲ. ಈಗ ಅದಕ್ಕೆ ದುಡ್ಡು ಕೊಡ್ತಾರೆ ಅಂದ್ರೆ ಅವ್ರಿಗೆ ಅದ್ರಿಂದ ಏನೋ ಆಗ್ಬೇಕಾಗಿದೆ."

ಮಗ ಟೆರೆಲ್ ಮಾತ್ರ ತಟ್ಟೆಯಲ್ಲಿದ್ದ ಸೊಪ್ಪನ್ನು ಅತ್ತ ಇತ್ತ ಸರಿಸುತ್ತಿದ್ದ. ಅವನಿಗೆ ನಲವತ್ತೊಂದು. ಹೆಂಡತಿಯಿಂದ ಬೇರೆಯಾಗಿ ಒಂದೂವರೆ ವರ್ಷದಿಂದ ಅಪ್ಪನ ಮನೆಯ ಹಿಂದಿನ ಕೋಣೆಯಲ್ಲಿದ್ದ. ಯಾರದೋ ಗುತ್ತಿಗೆಯಲ್ಲಿ ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಿದ್ದ. ಅವನ ಊಟ ಇಳಿದಿದೆ ಎಂದು ವರ್ಲೀನ್ ಕ್ರಿಸ್ಮಸ್‌ನಿಂದ ಹೇಳುತ್ತಲೇ ಇದ್ದಳು. ಮನಸ್ಸಿನ ನೋವು, ಸರಿಹೋಗುತ್ತದೆ ಎಂದು ಎಲ್ಲರೂ ಸುಮ್ಮನಿದ್ದರು.

ಹೋಸಿಯಾಗೆ ವೈದ್ಯರ ಮೇಲೆ ಅನುಮಾನ ಬಂದದ್ದು ಗಾಳಿಮಾತು ಕೇಳಿ ಅಲ್ಲ. ಅವನ ಅಪ್ಪ ಎಜೆಲ್ ಕಬ್ಬಿಣದ ಕೊಳವೆ ಎರಕ ಹೊಯ್ಯುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮರಳಿನ ಕೆಲಸ ಮಾಡಿದವನು. ಪ್ರತಿ ವರ್ಷ ಕಂಪನಿಯ ವೈದ್ಯ ಅವನ ಎದೆಯ ಎಕ್ಸ್‌ರೇ ತೆಗೆಯುತ್ತಿದ್ದ. ಪ್ರತಿ ವರ್ಷ, ಚೆನ್ನಾಗಿದ್ದೀಯ ಹೋಗು ಅನ್ನುತ್ತಿದ್ದ. ಎಜೆಲ್ ಐವತ್ತನಾಲ್ಕಕ್ಕೆ ಉಸಿರು ಸಿಗದೆ ಸತ್ತ. ಕಾರ್ಖಾನೆ ಮುಚ್ಚಿ ಕೋರ್ಟಿನಲ್ಲಿ ಕಾಗದಪತ್ರ ಹೊರಬಂದಾಗ, ಸಾಯುವುದಕ್ಕೆ ಹನ್ನೊಂದು ವರ್ಷ ಮೊದಲೇ ಅವನ ಶ್ವಾಸಕೋಶದಲ್ಲಿ ಕಲೆ ಇದೆ ಎಂದು ಅದೇ ವೈದ್ಯ ಬರೆದಿಟ್ಟಿದ್ದು ಸಿಕ್ಕಿತು. ಆಗ ಹೋಸಿಯಾಗೆ ಇಪ್ಪತ್ತಾರು. ಅಂದಿನಿಂದ ಅವನದು ಒಂದೇ ಮಾತು: ಅವರು ನೋಡುತ್ತಾರೆ, ಹೇಳುವುದಿಲ್ಲ.

"ಅದು ಕಂಪನಿ ಡಾಕ್ಟ್ರಪ್ಪ," ಅಂದಳು ಕೆಂಡ್ರಾ. "ಇದು ನಾವು. ಸಿಸ್ಟರ್ ಒರೀಥಾ, ನಾನು, ನಮ್ಮ ಹೆಂಗಸ್ರು."

"ಸೀಸೆ ಬಿಚ್ಚಿ ನೋಡೋರು ಯಾರು? ನೀನಾ?"

"ಆಸ್ಪತ್ರೆಯೋರು."

"ನಿಂಗೆ ಸಂಬಳ ಕೊಡೋರು?"

ಹೋಸಿಯಾ ಎದ್ದು, ಕೋಳಿ ಮೂಳೆಗಳ ಜತೆ ಡಬ್ಬಿಯನ್ನೂ ಕಸದ ಬುಟ್ಟಿಗೆ ಹಾಕಿ, ಕೈತೊಳೆದು ಹೊರಜಗಲಿಗೆ ಹೋದ.

ವರ್ಲೀನ್ ತನ್ನದನ್ನು ಮಾಡಿ ಕಳಿಸಿದಳು. ಹತ್ತು ದಿನಕ್ಕೆ, ಏನೂ ತೊಂದರೆ ಇಲ್ಲ ಎಂದು ಕಾಗದ ಬಂತು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಹೋಸಿಯಾ ಹಾಲು ತೆಗೆಯಲು ಹೋದಾಗೆಲ್ಲ ಅದನ್ನು ಓದಿ, ಒಂದೊಂದೇ ಪ್ರಶ್ನೆ ಕೇಳುತ್ತಿದ್ದ. ಇದರ ನಕಲು ಇನ್ಯಾರಿಗೆ ಹೋಗಿದೆ? ವಿಮೆಯವರಿಗೆ ಹೋಯಿತೇ? ಶಾಲೆಯ ಅಡುಗೆಮನೆಯಲ್ಲಿ ಐನೂರು ಮಕ್ಕಳಿಗೆ ಬೇಯಿಸಿ ಬಂದು ಮತ್ತೆ ಮನೆಯಲ್ಲಿ ಬೇಯಿಸುತ್ತಿದ್ದ ವರ್ಲೀನ್‌ಗೆ ಉತ್ತರ ಕೊಡುವಷ್ಟು ತ್ರಾಣ ಇರಲಿಲ್ಲ. ಓದು ಬಂದಿದೆಯಲ್ಲ, ಓದಿಕೋ ಅನ್ನುತ್ತಿದ್ದಳು.

ಏಪ್ರಿಲ್ ಮೊದಲ ವಾರದಲ್ಲಿ ಹೋಸಿಯಾ ಹೆಸರಿಗೊಂದು ಲಕೋಟೆ ಬಂತು. ಒಳಗೆ ಇಪ್ಪತ್ತು ಡಾಲರಿನ ಕಾರ್ಡು, ಜತೆಗೆ ಪರೀಕ್ಷೆ ಮಾಡಿಸಿಕೊಂಡದ್ದಕ್ಕೆ ವಂದನೆಗಳು ಎಂಬ ಸಾಲು. ಹೋಸಿಯಾ ಅದನ್ನು ಮೇಜಿನ ನಡುವೆ ಇಟ್ಟ. ಸಂಜೆ ಒಬ್ಬೊಬ್ಬರೇ ಮನೆಗೆ ಬಂದ ಹಾಗೆ ಒಬ್ಬೊಬ್ಬರನ್ನೇ ಕೇಳಿದ. ವರ್ಲೀನ್ ತನಗೆ ಗೊತ್ತಿಲ್ಲ ಅಂದಳು. ಆರ್ಜೆಲಾ, ಈ ವಯಸ್ಸಿನಲ್ಲಿ ನಾನು ಕಡ್ಡಿ ಹಿಡಿದು ಬಗ್ಗಿದರೆ ಏಳಿಸುವುದಕ್ಕೆ ಇಬ್ಬರು ಬೇಕು ಅಂದಳು. ಟೆರೆಲ್ ಗೊತ್ತಿಲ್ಲ ಎಂದು ತಲೆಯಾಡಿಸಿ ಸ್ನಾನಕ್ಕೆ ಹೋದ. ಕಂಪ್ಯೂಟರಿನಲ್ಲಿ ಏನೋ ತಪ್ಪಾಗಿರಬೇಕು, ವಿಚಾರಿಸುತ್ತೇನೆ ಎಂದಳು ಕೆಂಡ್ರಾ.

ಅವಳು ವಿಚಾರಿಸುವ ಮೊದಲೇ ಆಸ್ಪತ್ರೆಯಿಂದ ಫೋನು ಬಂತು. ಮಿಸ್ಟರ್ ಪೆಟ್ವೇ, ನೀವು ಕಳಿಸಿದ್ದರಲ್ಲಿ ರಕ್ತ ಕಂಡಿದೆ, ಕ್ಯಾನ್ಸರೇ ಎಂದಲ್ಲ, ಆದರೆ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡಲೇಬೇಕು, ಯಾವತ್ತು ಬರುತ್ತೀರಿ ಎಂದು ಒಬ್ಬ ಹುಡುಗಿ ಕೇಳಿದಳು. ನಾನು ಏನೂ ಕಳಿಸಿಲ್ಲ ಅಂದ ಹೋಸಿಯಾ. ನಿಮ್ಮ ಹೆಸರೇ ಇದೆ, ಹುಟ್ಟಿದ ತಾರೀಖೂ ಸರಿಯಾಗಿದೆ ಅಂದಳು ಅವಳು. ಮರುದಿನ ಅದೇ ವಿಷಯ ಕಾಗದದಲ್ಲೂ ಬಂತು.

ಅಂದು ರಾತ್ರಿಯ ಊಟಕ್ಕೆ ಬಟರ್ ಬೀನ್ಸ್ ಮಾಡಿದ್ದಳು ವರ್ಲೀನ್. ಯಾರೂ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

"ತಿಂಗಳಿಗೆ ಎಷ್ಟು ಡಬ್ಬಿ ವಾಪಸ್ ಬರ್ಬೇಕು ಅಂತ ನಿಂಗೆ ಹೇಳಿದ್ದಾರೆ?" ಹೋಸಿಯಾ ಮಗಳನ್ನು ಕೇಳಿದ.

"ಅರವತ್ತು."

"ಬರ್ದೆ ಇದ್ರೆ?"

"ಬರ್ದೆ ಇದ್ರೆ ಬರಲ್ಲ. ನೀನು ಏನು ಕೇಳ್ತಿದೀಯ, ನೇರವಾಗಿ ಕೇಳಪ್ಪ."

"ಕೇಳಿದ್ದಾಯ್ತಲ್ಲ."

ಕೆಂಡ್ರಾ ತಟ್ಟೆ ಎತ್ತಿಕೊಂಡು ಎದ್ದಳು. ನಿನ್ನ ಹೆಸರು ತುಂಬಿಸಿ ಸಂಬಳ ಉಳಿಸಿಕೊಳ್ಳಬೇಕಾದ ಗತಿ ನನಗೆ ಬಂದಿಲ್ಲ ಎಂದು ಸಿಂಕಿನ ಕಡೆ ತಿರುಗಿಯೇ ಹೇಳಿದಳು. ಹಾಗಾದರೆ ನಿನ್ನ ಆಸ್ಪತ್ರೆ ನನ್ನ ಹೆಸರಿಗೆ ರೋಗ ಬರೆದು ದುಡ್ಡು ಹೊಡೆಯುತ್ತಿದೆ, ಎರಡರಲ್ಲಿ ಒಂದು ನಿಜ, ಯಾವುದು ಎಂದು ನೀನೇ ಹೇಳು ಅಂದ ಹೋಸಿಯಾ. ಟೆರೆಲ್ ಹಲ್ಲುನೋವು ಎಂದು ಹೇಳಿ ಎದ್ದು ಹೋದ.

ಬುಧವಾರ ಸಂಜೆ ಬೈಬಲ್ ಓದಿಗೆ ಎಂದೂ ಹೋಗದ ಹೋಸಿಯಾ ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಓದು ಮುಗಿದು ಪಾಸ್ಟರು ಪ್ರಕಟಣೆಗಳನ್ನು ಹೇಳುವಾಗ ಎದ್ದು ನಿಂತು ಕಾಗದ ಎತ್ತಿ ಹಿಡಿದ. ಅಲ್ಲಿ ಎಪ್ಪತ್ತು ಎಂಬತ್ತು ಜನ ಇದ್ದರು. ಗೋಡೆಯ ಪಕ್ಕದಲ್ಲಿ ಕೆಂಡ್ರಾ ಮಡಿಸುವ ಕುರ್ಚಿಗಳನ್ನು ಜೋಡಿಸುತ್ತಿದ್ದಳು.

"ನಾನು ಇವ್ರಿಗೆ ಏನೂ ಕಳಿಸಿಲ್ಲ," ಅಂದ ಹೋಸಿಯಾ. "ಆದ್ರೂ ನಂಗೆ ರೋಗ ಇದೆ ಅಂತ ಬರೆದಿದ್ದಾರೆ. ನಿಮ್ಮ ಮನೆಗೆ ಬಂದ ಕಾಗದದಲ್ಲಿ ಇರೋದು ಯಾರ ರೋಗ ಅಂತ ನೀವೇ ನೋಡ್ಕೊಳ್ಳಿ."

ಹಿಂದಿನ ಸಾಲಿನಿಂದ ಯಾರೋ, ನಿಮ್ಮ ಬೀದಿಗೆ ಡಬ್ಬಿ ಹಂಚಿದವರು ಯಾರು ಬ್ರದರ್ ಪೆಟ್ವೇ ಎಂದು ಕೇಳಿದರು.

"ನನ್ನ ಮಗಳು."

ಯಾರೂ ಕೇಳದೆ ಇದ್ದರೂ ಅವನೇ ಮುಂದುವರಿಸಿದ: "ಲೆಕ್ಕ ತುಂಬಿಸೋಕೆ ಯಾರೋ ಮಾಡಿದ್ದಾರೆ. ಲೆಕ್ಕ ಇಡೋಳು ಅವಳೇ."

ಕೆಂಡ್ರಾ ಕೈಯಲ್ಲಿದ್ದ ಕುರ್ಚಿಯನ್ನು ಸದ್ದಾಗದಂತೆ ಗೋಡೆಗೆ ಒರಗಿಸಿ, ಪಕ್ಕದ ಬಾಗಿಲಿನಿಂದ ಹೊರಗೆ ಹೋದಳು. ಆ ಸಂಜೆ ಒಂದೂವರೆ ಮೈಲಿ ನಡೆದೇ ಮನೆಗೆ ಬಂದಳು. ಅಪ್ಪನ ಪಿಕಪ್ ಗಾಡಿ ಅವಳ ಪಕ್ಕದಲ್ಲಿ ನಿಧಾನ ಮಾಡಿದರೂ ಹತ್ತಲಿಲ್ಲ.

ಶುಕ್ರವಾರ ಸಿಸ್ಟರ್ ಒರೀಥಾ ಮನೆಗೆ ಬಂದರು. ವಿಷಯ ಆಸ್ಪತ್ರೆಗೆ ತಿಳಿಸದೆ ಇರುವ ಹಾಗಿರಲಿಲ್ಲ, ವಿಚಾರಣೆ ಮುಗಿಯುವ ತನಕ ಕೆಂಡ್ರಾ ಮನೆಯಲ್ಲಿರಬೇಕು ಎಂದಿದ್ದಾರೆ ಎಂದು ಹೇಳಿದರು. ವರ್ಲೀನ್ ಕೊಟ್ಟ ಕೇಕನ್ನು ಮುಟ್ಟಲಿಲ್ಲ. ಹೊರಡುವಾಗ ಹೋಸಿಯಾನ ಕಡೆ ತಿರುಗಿ, "ಬ್ರದರ್ ಪೆಟ್ವೇ, ಇವತ್ತು ಬೆಳಗ್ಗೆ ಚರ್ಚಿನ ಮೆಟ್ಟಿಲ ಮೇಲೆ ಹನ್ನೊಂದು ಡಬ್ಬಿ ಇದ್ವು. ಒಂದನ್ನೂ ಬಿಚ್ಚಿರ್ಲಿಲ್ಲ. ಅದ್ರಲ್ಲಿ ಎರಡು ಮನೆಯೋರನ್ನ ಒಪ್ಪಿಸೋಕೆ ನಂಗೆ ಮೂರು ತಿಂಗಳು ಹಿಡಿದಿತ್ತು," ಅಂದರು.

"ನಾನು ಸುಳ್ಳು ಹೇಳಿದ್ನಾ?"

"ಸುಳ್ಳು ಯಾರು ಹೇಳ್ತಿದ್ದಾರೆ ಅಂತ ನಂಗೆ ಗೊತ್ತಿಲ್ಲ. ನಿಮ್ಗೂ ಗೊತ್ತಿಲ್ಲ. ಅದನ್ನೇ ಹೇಳ್ತಿದೀನಿ."

ಆಮೇಲೆ ಎರಡು ವಾರ ಆ ಮನೆಯಲ್ಲಿ ಎಲ್ಲರಿಗೂ ಎಲ್ಲರ ಮೇಲೂ ಕಣ್ಣು. ಹೋಸಿಯಾ ಅಂಚೆಯವನಿಗಾಗಿ ಗೇಟಿನಲ್ಲೇ ಕಾದು ನಿಂತು ಕಾಗದ ತಾನೇ ಇಸಿದುಕೊಳ್ಳುತ್ತಿದ್ದ. ಹೆಂಡತಿ ತನ್ನದನ್ನೇ ಗಂಡನ ಸೀಸೆಗೂ ಹಾಕಿ ಕಳಿಸಿರಬಹುದೇ ಎಂದೂ ಅವನಿಗೆ ಅನಿಸಿತು. ಅದನ್ನು ಕೇಳಿಯೂ ಬಿಟ್ಟ. ವರ್ಲೀನ್ ಆ ದಿನದಿಂದ ಅವನ ತಟ್ಟೆಯನ್ನು ಮೇಜಿನ ಮೇಲಿಟ್ಟು ತಾನು ಅಡುಗೆಮನೆಯಲ್ಲಿ ನಿಂತು ಉಣ್ಣತೊಡಗಿದಳು. ಕೆಂಡ್ರಾ ಮನೆಯವರ ಊಟ ಬಿಟ್ಟು, ಎಲ್ಲರೂ ಎದ್ದ ಮೇಲೆ ಮೊಟ್ಟೆ ಕರಿದುಕೊಂಡು ಕೋಣೆಗೆ ಹೋಗುತ್ತಿದ್ದಳು. ಅಪ್ಪನ ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು. ಬೀದಿಯಲ್ಲಿ ಅವಳನ್ನು ನೋಡಿದವರು ಕೈ ಬೀಸುತ್ತಿದ್ದರು, ನಿಂತು ಮಾತಾಡುತ್ತಿರಲಿಲ್ಲ.

ಒಂದು ಭಾನುವಾರ ಹೋಸಿಯಾ ಮತ್ತೆ ಅದೇ ರಾಗ ತೆಗೆದ: ಮೋಸ ಮಾಡಿದ್ದು ಆಸ್ಪತ್ರೆಯೋ, ಚರ್ಚೋ, ಮನೆಯವರೋ. ಆರ್ಜೆಲಾ ಮೆಕ್ಕೆಜೋಳದ ಕಾರ್ನ್‌ಬ್ರೆಡ್ಡನ್ನು ಮಜ್ಜಿಗೆಯಲ್ಲಿ ಪುಡಿ ಮಾಡಿಕೊಂಡು ತಿನ್ನುತ್ತಿದ್ದಳು. ಕೊನೆಯ ಚಮಚ ಮುಗಿಸಿ ಬಾಯಿ ಒರೆಸಿಕೊಂಡಳು.

"ಸೀಸೇಲಿ ರಕ್ತ ಇತ್ತಾ ಇಲ್ವಾ?"

"ಇತ್ತು ಅಂತಾರೆ ಅವ್ರು."

"ಇತ್ತು ಅಂತ್ಲೇ ಇಟ್ಕೋ. ಮೂರು ವಾರದಿಂದ ಮೋಸ ಯಾರ್ದು ಅಂತ ಕೇಳ್ತಿದೀರ. ರಕ್ತ ಯಾರ್ದು ಅಂತ ಒಬ್ರೂ ಕೇಳ್ಲಿಲ್ಲ."

ಹೋಸಿಯಾ, ನಿನಗೆ ಅರ್ಥವಾಗುವುದಿಲ್ಲ ಸುಮ್ಮನಿರಮ್ಮ ಅಂದ. ಆದರೆ ಅಡುಗೆಮನೆಯಲ್ಲಿ ನಿಂತಿದ್ದ ವರ್ಲೀನ್‌ಳ ಕೈ ನಿಂತುಹೋಯಿತು. ಚಳಿಗಾಲದಿಂದ ಟೆರೆಲ್ ತನ್ನ ಬಟ್ಟೆಯನ್ನು ತಾನೇ ಒಗೆದುಕೊಳ್ಳುತ್ತಿದ್ದ. ನಲವತ್ತೊಂದು ವರ್ಷದಲ್ಲಿ ಒಂದು ಕಾಲುಚೀಲ ಒಗೆಯದವನು. ಹೆಂಡತಿ ಬಿಟ್ಟ ಮೇಲೆ ಬುದ್ಧಿ ಬಂತು ಎಂದು ಅವಳು ಸಂತೋಷಪಟ್ಟಿದ್ದಳು.

ಶನಿವಾರ ಬೆಳಗ್ಗೆ ಹೋಸಿಯಾ ಪಿಕಪ್ಪಿನ ಟೈರು ಬದಲಾಯಿಸಲು ಹೋದಾಗ ಅವಳು ಹಿತ್ತಲಿಗೆ ಬಂದಳು. ಟೆರೆಲ್ ಬಕೆಟ್ಟಿನ ಮುಂದೆ ಕೂತು ಪ್ಯಾಂಟು ಹಿಂಡುತ್ತಿದ್ದ. ಮಷೀನು ಒಳಗೇ ಇತ್ತು. ವರ್ಲೀನ್ ಬಗ್ಗಿ ನೀರು ನೋಡಿದಳು. ಅವನು ಬಕೆಟ್ಟನ್ನು ಕಾಲಿನಿಂದ ಹಿಂದಕ್ಕೆ ಎಳೆದುಕೊಂಡ. ತಡವಾಗಿತ್ತು, ನೀರಿನ ಕೆಂಪನ್ನು ಅವಳು ಕಂಡಾಗಿತ್ತು.

"ಯಾವಾಗಿಂದ?"

"ನವೆಂಬರ್. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೊದ್ಲು."

ದಿನವಿಡೀ ವ್ಯಾನಿನಲ್ಲಿ ಕೂತದ್ದಕ್ಕೆ ಮೂಲವ್ಯಾಧಿ ಎಂದುಕೊಂಡಿದ್ದನಂತೆ. ವಿಮೆ ಇರಲಿಲ್ಲ. ಡಾಕ್ಟರ ಹತ್ತಿರ ಹೋದರೆ ರಜೆ ಹಾಕಬೇಕು, ರಜೆ ಹಾಕಿದರೆ ವ್ಯಾನು ಇನ್ನೊಬ್ಬನಿಗೆ ಹೋಗುತ್ತದೆ. ಡಬ್ಬಿ ಕೇಳಿದ್ದನಂತೆ, ನಲವತ್ತೈದು ಆಗಬೇಕು ಎಂದು ಹೇಳಿದರಂತೆ. ಅದಕ್ಕೆ ಅಪ್ಪ ಬಿಸಾಡಿದ್ದನ್ನು ಬುಟ್ಟಿಯಿಂದ ಎತ್ತಿಕೊಂಡ. ಹೆಸರು ಯಾರದಾದರೇನು, ಇದೆಯೋ ಇಲ್ಲವೋ ಎಂದು ಗೊತ್ತಾದರೆ ಸಾಕು ಅನಿಸಿತ್ತು.

"ಕಾಗದ ಬಂದ್ಮೇಲಾದ್ರೂ ಹೇಳ್ಬಾರ್ದಿತ್ತೇನೋ? ನಿನ್ನ ತಂಗಿ ಕೆಲ್ಸ ಹೋಯ್ತು."

ಟೆರೆಲ್ ಬಹಳ ಹೊತ್ತು ಪ್ಯಾಂಟನ್ನೇ ಹಿಂಡಿದ. ಅದರಲ್ಲಿ ಒಂದು ಹನಿ ನೀರೂ ಉಳಿದಿರಲಿಲ್ಲ.

"ಅಪ್ಪ ಅದು ಸುಳ್ಳು ಅಂದ. ನಂಗೂ ಸುಳ್ಳೇ ಆಗಿರ್ಲಿ ಅನ್ನಿಸ್ತು ಅಮ್ಮ."

ಮಧ್ಯಾಹ್ನ ವರ್ಲೀನ್ ಎಲ್ಲರನ್ನೂ ಮೇಜಿಗೆ ಕರೆದಳು. ಕೆಂಡ್ರಾಳ ಬಾಗಿಲನ್ನು ಎರಡು ಸಲ ತಟ್ಟಬೇಕಾಯಿತು. ಟೆರೆಲ್ ನಿಂತುಕೊಂಡೇ ಹೇಳಿದ, ನಾಲ್ಕು ವಾಕ್ಯದಲ್ಲಿ. ಹೋಸಿಯಾ ಕೇಳಿಸಿಕೊಂಡು ಮಗನನ್ನು ದಿಟ್ಟಿಸಿ ನೋಡಿದ.

"ಯಾರನ್ನ ಉಳಿಸೋಕೆ ಹೇಳ್ತಿದೀಯ? ಇವಳನ್ನಾ?"

ಟೆರೆಲ್ ಅಪ್ಪನ ತೋಳು ಹಿಡಿದ. "ಬಾ. ತೋರಿಸ್ತೀನಿ," ಅಂದ.

ಇಬ್ಬರೂ ಬಚ್ಚಲಮನೆಗೆ ಹೋದರು. ಬಾಗಿಲು ಹಾಕಿಕೊಂಡ ಸದ್ದಾಯಿತು. ಬಹಳ ಹೊತ್ತಿನ ಮೇಲೆ ಹೋಸಿಯಾ ಒಬ್ಬನೇ ಹೊರಗೆ ಬಂದ. ಕುರ್ಚಿಯ ಬೆನ್ನು ಹಿಡಿದು ನಿಂತ, ಕೂರಲಿಲ್ಲ. ಕೆಂಡ್ರಾಳ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದ.

"ಸಿಸ್ಟರ್ ಒರೀಥಾಗೆ ಫೋನ್ ಮಾಡ್ತೀನಿ," ಎಂದು ಅವಳು ಎದ್ದುಬಿಟ್ಟಳು. ಅಪ್ಪನ ಮಾತಿಗೆ ಅವಳು ಅಂದು ಜಾಗ ಕೊಡಲಿಲ್ಲ.

ವಿಮೆಯಿಲ್ಲದವನಿಗೆ ಆಸ್ಪತ್ರೆಯ ದಾನದ ನಿಧಿಯಿಂದ ಪರೀಕ್ಷೆಯ ದಿನ ಗೊತ್ತು ಮಾಡಿಸುವುದಕ್ಕೆ ಸಿಸ್ಟರ್ ಒರೀಥಾ ಒಂಬತ್ತು ದಿನ ಜಗಳವಾಡಿದರು. ರಕ್ತ ಹೋಗುತ್ತಿದ್ದವನು ಡಬ್ಬಿಗೆ ಕಾಯಲೇಬಾರದಿತ್ತು, ನೇರವಾಗಿ ಬರಬೇಕಿತ್ತು ಎಂದು ಆಸ್ಪತ್ರೆಯ ನರ್ಸ್ ಹೇಳಿದಳು. ಮೇ ತಿಂಗಳ ಮೂರನೇ ವಾರ ಕ್ಯಾಮೆರಾ ಪರೀಕ್ಷೆ. ಕರೆದುಕೊಂಡು ಹೋಗಿ ವಾಪಸು ಕರೆತರಲು ಒಬ್ಬರು ಬೇಕು ಎಂದಿದ್ದರು. ಹೋಸಿಯಾ ತಾನೇ ಹೊರಟ. ವರ್ಲೀನ್ ಜತೆಗೆ ಹೋದಳು, ಗಂಡ ಅಲ್ಲಿ ಯಾರ ಮೇಲಾದರೂ ಹರಿಹಾಯ್ದಾನೆಂದು.

ಅವನು ಹರಿಹಾಯಲಿಲ್ಲ. ಆದರೆ ಟೆರೆಲ್‌ನನ್ನು ಮುಟ್ಟಿದ ಪ್ರತಿಯೊಬ್ಬರ ಹೆಸರು ಕೇಳಿ ಲಕೋಟೆಯ ಹಿಂಭಾಗದಲ್ಲಿ ಬರೆದುಕೊಂಡ. ರಕ್ತನಾಳಕ್ಕೆ ಯಾವ ಔಷಧಿ ಹಾಕಿದಿರಿ, ಯಾಕೆ, ಎಷ್ಟು ಎಂದು ಕೇಳಿದ. ವೈದ್ಯೆ ಬಂದಾಗ ಅವಳೆದುರು ಎದ್ದು ನಿಂತ. ಅವಳೂ ಕರಿಯಳೇ, ಕೆಂಡ್ರಾಳ ವಯಸ್ಸು ಇರಬಹುದು. ಅದರಿಂದ ಅವನ ಧ್ವನಿಯೇನೂ ಮೆತ್ತಗಾಗಲಿಲ್ಲ.

"ಒಳಗೆ ಏನು ಕಂಡ್ರೂ ಹೇಳ್ತೀರಾ?"

"ಹೇಳ್ತೀನಿ."

"ಹೇಳೋದಲ್ಲ. ತೋರಿಸ್ಬೇಕು."

ಒಂದು ಗಂಟೆಯ ನಂತರ ಅವಳು ಬಣ್ಣದ ಚಿತ್ರಗಳಿದ್ದ ಹಾಳೆಯೊಂದನ್ನು ತಂದು ಅವನ ಮೊಣಕಾಲ ಮೇಲಿಟ್ಟು, ಪೆನ್ನಿನ ತುದಿಯಿಂದ ತೋರಿಸಿದಳು. ಇದು ಆರೋಗ್ಯವಾಗಿರುವ ಕರುಳು. ಇದೂ ಆರೋಗ್ಯವಾಗಿದೆ. ಇದು ಅಲ್ಲ. ಹೋಸಿಯಾ ಕನ್ನಡಕ ಇಳಿಸಿ ನೋಡಿದ. ಎಷ್ಟು ದಿನದಿಂದ ಇದೆ ಎಂದು ಕೇಳಿದ. ವರ್ಷಗಳಿಂದ ಇರಬಹುದು ಅಂದಳು ಅವಳು. ವರ್ಲೀನ್ ಅಳತೊಡಗಿದಳು. ಹೋಸಿಯಾ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ವೈದ್ಯೆ ಬೇಡ ಅನ್ನಲಿಲ್ಲ.

ಜೂನ್ ಮೊದಲಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಒಂದು ಅಡಿಯಷ್ಟು ಕರುಳು ತೆಗೆದರು. ಪಕ್ಕದ ಇಪ್ಪತ್ತೆರಡು ಗ್ರಂಥಿಗಳಲ್ಲಿ ಒಂದರಲ್ಲಿ ಕ್ಯಾನ್ಸರ್ ಕಂಡಿತು, ಲಿವರಿಗೆ ಹೋಗಿರಲಿಲ್ಲ. ಹಲವು ತಿಂಗಳ ಔಷಧಿ, ಆಮೇಲೆ ನೋಡೋಣ, ಗೆಲ್ಲುವ ಅವಕಾಶ ಚೆನ್ನಾಗಿದೆ ಎಂದರು. ಟೆರೆಲ್ ಮನೆಗೆ ಬಂದ. ವರ್ಲೀನ್ ಉಪ್ಪಿಲ್ಲದ ಗಂಜಿ ಬೇಯಿಸಿದಳು. ಕೆಂಡ್ರಾ ಅಣ್ಣನ ಗಾಯದ ಪಟ್ಟಿ ಬದಲಾಯಿಸಿದಳು. ಅವನಿಗೆ ಚಮಚದಲ್ಲಿ ತಿನ್ನಿಸುವಾಗ ಆರ್ಜೆಲಾ ಬೈದು ಬೈದು ತಿನ್ನಿಸಿದಳು: ಪ್ಯಾಂಟು ಒಗೆಯುವುದಕ್ಕೆ ಬರುತ್ತದೆ, ಬಾಯಿ ಬಿಡುವುದಕ್ಕೆ ಬರುವುದಿಲ್ಲ. ಹೋಸಿಯಾ ಮಾತ್ರೆಗಳ ಬಾಟಲಿ ಬಂದಾಗೆಲ್ಲ ಅದರ ಜತೆಯ ಸಣ್ಣಕ್ಷರದ ಕಾಗದವನ್ನು ಪೂರ್ತಿ ಓದಿದ ಮೇಲೆಯೇ ಮಗನಿಗೆ ಕೊಡುತ್ತಿದ್ದ. ಎರಡು ಸಲ ಔಷಧಿ ಅಂಗಡಿಗೆ ಹೋಗಿ ವಿಚಾರಿಸಿ ಬಂದ.

ವಿಚಾರಣೆ ಮುಗಿಸಿದ ಆಸ್ಪತ್ರೆ, ಕೆಂಡ್ರಾಳ ತಪ್ಪಿಲ್ಲ, ಕೆಲಸಕ್ಕೆ ಬರಬಹುದು ಎಂದು ಎರಡು ಸಾಲು ಬರೆದು ಕಳಿಸಿತು. ಅವಳು ಹೋಗಲಿಲ್ಲ. ಹೋದರೂ ಬಾಗಿಲು ತೆಗೆಯುವವರು ಯಾರು ಅಂದಳು.

ಜುಲೈ ಮೊದಲ ಬುಧವಾರ ಹೋಸಿಯಾ ಮತ್ತೆ ಇಸ್ತ್ರಿ ಅಂಗಿ ಹಾಕಿಕೊಂಡ. ಮಗಳ ಬಾಗಿಲ ಹೊರಗೆ ನಿಂತು, ಚರ್ಚಿಗೆ ಹೋಗುತ್ತಿದ್ದೇನೆ, ನೀನೂ ಬರಬೇಕು ಎಂದ. ಅವಳು ಬಂದಳು, ಆದರೆ ಅವನ ಪಿಕಪ್ಪಿನಲ್ಲಿ ಅಲ್ಲ. ಅಂದು ಆಸ್ಪತ್ರೆಯ ಕಡೆಯಿಂದ ಒಬ್ಬ ಹೆಂಗಸೂ ಬಂದಿದ್ದಳು. ಪ್ರಕಟಣೆಗಳಾದ ಮೇಲೆ ಹೋಸಿಯಾ ಎದ್ದ.

"ನನ್ನ ಮಗಳು ಲೆಕ್ಕ ತುಂಬಿಸಿದಳು ಅಂತ ಇದೇ ಜಾಗದಲ್ಲಿ ನಿಂತು ಹೇಳಿದ್ದೆ. ಅದು ಸುಳ್ಳು. ಅದು ನನ್ನ ಮಗನ ರಕ್ತ. ಅವಳು ಮಾಡಿಲ್ಲ ಅಂದ್ರೂ ಕೇಳಿಸ್ಕೊಳ್ಳದೆ ಹಾಗೆ ಹೇಳಿದೆ. ಅವನಿಗೆ ಏನಾಗಿದೆ ಅಂತಾನೂ ಕೇಳ್ಲಿಲ್ಲ." ಅವನು ಅಷ್ಟಕ್ಕೇ ಕೂತುಬಿಡುತ್ತಾನೆ ಎಂದು ವರ್ಲೀನ್ ಅಂದುಕೊಂಡಳು. ಅವನು ಆಸ್ಪತ್ರೆಯ ಹೆಂಗಸಿನ ಕಡೆ ತಿರುಗಿದ. "ನಿಮ್ಮನ್ನೊಂದು ಕೇಳ್ಬೇಕು. ನನ್ನ ಮಗ ಡಬ್ಬಿ ಕೇಳಿದ. ನಲವತ್ತೈದು ಆಗಿಲ್ಲ ಅಂತ ವಾಪಸ್ ಕಳಿಸಿದ್ರು. ಆ ನಲವತ್ತೈದು ಯಾರು ಹೇಳಿದ್ದು?"

ತೊಂದರೆಯಿಲ್ಲದವರಿಗೆ ದೇಶವೆಲ್ಲ ಅದೇ ವಯಸ್ಸು, ರಕ್ತ ಹೋಗುವವರು, ಮನೆಯಲ್ಲಿ ಯಾರಿಗಾದರೂ ಈ ರೋಗ ಇದ್ದವರು ಯಾವ ವಯಸ್ಸಿನಲ್ಲಾದರೂ ಬರಬೇಕು ಎಂದು ಅವಳು ಹೇಳಿದಳು.

"ಅದನ್ನ ನೀವು ಹಂಚೋ ಕಾಗದದಲ್ಲಿ ಎಲ್ಲಿ ಬರೆದಿದೆ?"

ಅವಳು ತನ್ನ ಕಾಗದಗಳನ್ನು ತಿರುವಿದಳು. ಬರೆದಿರಲಿಲ್ಲ. ಕಾರ್ಯಕರ್ತರ ತರಬೇತಿಯಲ್ಲಿ ಹೇಳಿರುತ್ತೇವೆ ಅಂದಳು. ಹಾಗಾದರೆ ಅವನನ್ನು ವಾಪಸು ಕಳಿಸಿದ ಕಾರ್ಯಕರ್ತರು ಯಾರು, ಎದ್ದು ನಿಲ್ಲಲಿ ಅಂದ ಹೋಸಿಯಾ. ಅವನ ಧ್ವನಿ ಏರಿತ್ತು. ಒಳಗೊಳಗೇ ಅವನು ಈ ಪ್ರಶ್ನೆಗಾಗಿಯೇ ಬಂದಿದ್ದ.

ಗೋಡೆಯ ಪಕ್ಕದಲ್ಲಿ ಕೆಂಡ್ರಾ ಎದ್ದಳು.

"ನಾನೇ ಅಪ್ಪ. ಪಾತ್ರೆ ಒರೆಸ್ತಾ ಕೇಳ್ದ, ನಂಗೂ ಒಂದು ಕೊಡೇ ಅಂತ. ತಮಾಷೆ ಅಂದ್ಕೊಂಡೆ. ನಿಂಗೆ ಇನ್ನೂ ನಾಲ್ಕು ವರ್ಷ ಇದೆ, ಸಾಲಲ್ಲಿ ನಿಂತ್ಕೋ ಅಂತ ನಕ್ಕೆ. ತರಬೇತೀಲಿ ಹೇಳಿಕೊಟ್ಟಿದ್ರು, ಯಾಕೆ ಕೇಳ್ತಿದೀಯ ಅಂತ ಮೊದ್ಲು ಕೇಳ್ಬೇಕು ಅಂತ. ನಾನು ಕೇಳ್ಲಿಲ್ಲ."

ಹೋಸಿಯಾ ಮಗಳನ್ನು ನೋಡಿದ. ಇನ್ನೊಬ್ಬರತ್ತ ಬೆರಳು ತೋರಿಸಲು ಎತ್ತಿದ ಕೈ ಹಾಗೇ ಗಾಳಿಯಲ್ಲಿತ್ತು. ಅದನ್ನು ಇಳಿಸಿ, ಸಾಲಿನಿಂದ ಸಾಲಿಗೆ ಮೊಣಕಾಲು ತಾಗಿಸಿಕೊಂಡು ಗೋಡೆಯ ಕಡೆಗೆ ನಡೆದ. ಅವಳ ಪಕ್ಕದಲ್ಲಿ ಒಂದು ಕುರ್ಚಿ ಬಿಡಿಸಿ ಕೂತ. ಸಿಸ್ಟರ್ ಒರೀಥಾ ಹಾಡಿನ ಪುಸ್ತಕ ತೆಗೆಯಲು ಹೇಳಿದರು.

ಆಮೇಲಿನ ವಾರ ಕೆಂಡ್ರಾ ಕೆಲಸಕ್ಕೆ ಹೋದಳು. ವಾಪಸು ಬಂದ ಹನ್ನೊಂದು ಡಬ್ಬಿಗಳಲ್ಲಿ ನಾಲ್ಕನ್ನು ಅವೇ ಮನೆಗಳು ಮತ್ತೆ ತೆಗೆದುಕೊಂಡವು, ಏಳನ್ನು ತೆಗೆದುಕೊಳ್ಳಲಿಲ್ಲ. ಶನಿವಾರಗಳಂದು ಚರ್ಚಿನ ಅಂಗಳದಲ್ಲಿ ಡಬ್ಬಿ ಹಂಚಲು ಮೇಜು ಹಾಕುವಾಗ ಅದರ ಮುಂದೆ ಈಗ ವರ್ಲೀನ್ ದೊಡ್ಡಕ್ಷರದಲ್ಲಿ ಬರೆದ ಹಲಗೆ ಇರುತ್ತದೆ: ರಕ್ತ ಹೋಗುತ್ತಿದ್ದರೆ ವಯಸ್ಸು ಕೇಳುವುದಿಲ್ಲ. ಮೇಜಿನ ಪಕ್ಕದಲ್ಲಿ ಹೋಸಿಯಾ ಕೂರುತ್ತಾನೆ. ಯಾರೂ ಅವನನ್ನು ಕರೆದಿರಲಿಲ್ಲ. ಹೆಂಗಸರು ಏನು ಹೇಳುತ್ತಾರೆ, ಏನು ಬರೆದುಕೊಳ್ಳುತ್ತಾರೆ, ಬರೆದದ್ದು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಾನೆ. ಆಸ್ಪತ್ರೆಯ ಹೆಂಗಸು ಬಂದ ದಿನ ಅವಳಿಗೆ ಅವನ ಕಡೆ ಬೆನ್ನು ಹಾಕಲು ಧೈರ್ಯವಾಗುವುದಿಲ್ಲ.

ಆಗಸ್ಟಿನ ಒಂದು ಶನಿವಾರ, ಟೆರೆಲ್‌ನ ಐದನೇ ಸುತ್ತಿನ ಔಷಧಿಯಾದ ಮರುದಿನ, ಹುಲ್ಲು ಕತ್ತರಿಸುವ ಕೆಲಸದಿಂದ ನೇರವಾಗಿ ಬಂದ ಮೂವತ್ತು ಮೂವತ್ತೆರಡರ ಗಂಡಸೊಬ್ಬ ಗೇಟಿನಲ್ಲಿ ನಿಂತು ಹಲಗೆ ಓದಿದ. ಒಳಗೆ ಬಂದ, ಹೊರಗೆ ಹೋದ, ಮತ್ತೆ ಬಂದ. ಮೇಜಿನ ಹೆಂಗಸರನ್ನು ಬಿಟ್ಟು ಹೋಸಿಯಾನ ಹತ್ತಿರ ಬಗ್ಗಿದ.

"ಮಿಸ್ಟರ್ ಪೆಟ್ವೇ, ಈ ಜನರ ಮೇಲೆ ನಿಮ್ಗೆ ನಂಬಿಕೆ ಇದ್ಯಾ?"

"ಇಲ್ಲ," ಅಂದ ಹೋಸಿಯಾ. "ಅದಕ್ಕೇ ಇಲ್ಲಿ ಕೂತಿದೀನಿ. ಕುರ್ಚಿ ಎಳ್ಕೋ. ಎಷ್ಟು ದಿನದಿಂದ ಹೋಗ್ತಿದೆ?"